ರಾಜಕ್ಕನ ಗಿಡ, ತಮ್ಮನ ಮರ

ರಾಜಕ್ಕ ನನ್ನ ಗಂಡನ ಅಕ್ಕ. ಪೂರ್ತಿ ಹೆಸರು ರಾಜಲಕ್ಷ್ಮಮ್ಮ. ಆ ಹೆಸರು ಹಿಡಿದು ಕರೆಯುವವರು ರೇಷನ್ ಅಂಗಡಿಯವರು ಮಾತ್ರ. ಅವಳನ್ನು ಆಲೂರಿನ ಕಡೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಮನೆಗೆ ಕರೆದುಕೊಂಡು ಬಂದ ದಿನವೇ ಇವಳು ಬಸ್ಸು ಹತ್ತಿ ತವರು ಹೆಗ್ಗದ್ದೆಗೆ ಬಂದುಬಿಟ್ಟಳು. ಕೈಯಲ್ಲಿ ಒಂದು ಚೀಲವೂ ಇರಲಿಲ್ಲವಂತೆ. ಪಂಚಾಯ್ತಿ ಮಾಡೋಣ ಎಂದು ಹಿರಿಯರು ಹೊರಟಾಗ, ಉಗುಳಿದ ನೀರನ್ನು ಸೋಸಿ ಕುಡಿಯಲಿಕ್ಕೆ ಆಗುತ್ತದಾ ಎಂದು ಕೇಳಿದಳಂತೆ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ನಮ್ಮ ಮನೆಯವರ ಹೆಸರು ರವಿಚಂದ್ರ. ಅವರಿಗೆ ಹಾಲು ಹಲ್ಲು ಬೀಳುವ ಮೊದಲೇ ತಾಯಿ ಹೋದರು. ಸಾಕಿದ್ದು ರಾಜಕ್ಕ. ಅವಳು ಮದುವೆಯಾಗಿ ಹೋದಾಗ ಇವರು ಊಟ ಬಿಟ್ಟಿದ್ದರಂತೆ. ಅವಳು ವಾಪಸ್ ಬಂದ ದಿನ ಊರಿಗೆಲ್ಲ ದುಃಖವಾದರೆ ಇವರೊಬ್ಬರಿಗೆ ಖುಷಿಯಾಗಿತ್ತು. ಅದನ್ನು ಅವರೇ ನನಗೆ ಹೇಳಿದ್ದರು.

ನಾನು ಸೊಸೆಯಾಗಿ ಬಂದಾಗ ರಾಜಕ್ಕ ವನಗೂರಿನ ಹತ್ತಿರ ಒಂದು ಎಸ್ಟೇಟ್ ಬಂಗಲೆಗೆ ಹೂತೋಟದ ಕೆಲಸಕ್ಕೆ ಹೋಗುತ್ತಿದ್ದಳು. ಕಾಫಿ ಹಣ್ಣು ಕುಯ್ಯುವ ಹೆಣ್ಣಾಳುಗಳ ಜೊತೆ ಜೀಪಿನಲ್ಲಿ ನಿಂತು ಹೋಗಿ, ಸಂಜೆ ಅದೇ ಜೀಪಿನಲ್ಲಿ ಬರುತ್ತಿದ್ದಳು. ತಮ್ಮನ ಅನ್ನ ತಿನ್ನಬಾರದು ಎನ್ನುವ ಹಟ ಇತ್ತು. ನನ್ನ ಮೇಲೆ ಪ್ರೀತಿ ಇತ್ತೋ ಇಲ್ಲವೋ ಗೊತ್ತಿಲ್ಲ. ಮಾತು ಒರಟು. ನಾನು ಮಾಡಿದ ಸಾರು ಉಂಡು, ಚೆನ್ನಾಗಿದೆ ಎಂದವಳಲ್ಲ. ಎರಡನೇ ಸಲ ಹಾಕಿಸಿಕೊಂಡರೆ ಚೆನ್ನಾಗಿದೆ ಎಂದು ನಾನೇ ತಿಳಿದುಕೊಳ್ಳಬೇಕು.

ಬಂಗಲೆಯಮ್ಮ ಊಟಿಯಿಂದ ಕೆಲವು ಗಿಡ ತಂದಿದ್ದರು. ಕೋರಲ್ ಬೆಲ್ ಎಂದು ಹೆಸರು. ನೆಲಕ್ಕೆ ಅಂಟಿಕೊಂಡು ಗುಂಪಾಗಿ ಬೆಳೆಯುವ ಗಿಡ. ಎಲೆಯೇ ಅದರ ಚೆಂದ. ಒಂದರ ಎಲೆ ಬೀಟ್ರೂಟ್ ಬೇಯಿಸಿದ ನೀರಿನ ಬಣ್ಣ. ಇನ್ನೊಂದರದು ಹುಣಸೆ ಹಾಕಿ ತಿಕ್ಕುವ ಮುಂಚಿನ ತಾಮ್ರದ ಹಂಡೆಯ ಬಣ್ಣ. ಮತ್ತೊಂದು ಹಸಿರು, ಅದರ ಮೇಲೆ ಬೂದಿ ಉದುರಿದ ಹಾಗೆ ಬಿಳಿ. ಹೂವು ಬಿಡುತ್ತದೆ, ಆದರೆ ನುಚ್ಚಕ್ಕಿಗಿಂತ ದೊಡ್ಡದಲ್ಲ. ದಾರದಷ್ಟು ತೆಳ್ಳಗಿನ ಕಡ್ಡಿಯ ತುದಿಯಲ್ಲಿ ಚಿಕ್ಕ ಗಂಟೆಗಳ ಹಾಗೆ ತೂಗುತ್ತದೆ.

ನಮ್ಮ ಕಡೆಯ ಮಳೆ ಆ ಗಿಡಕ್ಕೆ ಆಗುವುದಿಲ್ಲ. ಬಂಗಲೆಯಲ್ಲಿ ಕಾಫಿಗೆ ಹೊಡೆಯುವ ಹಾಗೆ ಗುಂಡಿ ಹೊಡೆದು ನೆಟ್ಟಿದ್ದರು. ಮೊದಲನೇ ಮಳೆಗಾಲಕ್ಕೆ ಮುಕ್ಕಾಲು ಪಾಲು ಕೊಳೆಯಿತು. ನೆಡದೆ ಒಡಕು ಹೆಂಚಿನ ರಾಶಿಯ ಮೇಲೆ ಬಿಟ್ಟಿದ್ದ ಗಿಡಗಳು ಬದುಕಿದವು. ಅದನ್ನು ನೋಡಿ ರಾಜಕ್ಕ ಕಲಿತಳು. ಅದರ ಬುಡದ ನಡುವೆ ಒಂದು ಕುತ್ತಿಗೆ ಇರುತ್ತದೆ, ಎಲೆಗಳೆಲ್ಲ ಹೊರಡುವುದು ಅಲ್ಲಿಂದ. ಆ ಕುತ್ತಿಗೆ ಮಣ್ಣಿನ ಮೇಲೇ ಇರಬೇಕು. ಅದು ಮುಚ್ಚಿ ನೀರು ನಿಂತರೆ ಗಿಡ ಕೊಳೆಯುತ್ತದೆ.

ಆರೇಳು ವರ್ಷದ ಹಿಂದೆ ಆ ಎಸ್ಟೇಟ್ ಮಾರಾಟವಾಯಿತು. ಕೊಂಡವರು ಹೂತೋಟ ಇದ್ದ ಕಡೆ ಹೋಂಸ್ಟೇ ಕಟ್ಟಲು ಜೆಸಿಬಿ ತಂದರು. ಅವತ್ತು ರಾಜಕ್ಕ ಒಂದು ಬುಟ್ಟಿ ಕೋರಲ್ ಬೆಲ್ ತಲೆಯ ಮೇಲೆ ಹೊತ್ತು ಬಂದಳು. ಆಮೇಲೆ ಕೂಲಿಗೆ ಎಲ್ಲಿಗೂ ಹೋಗಲಿಲ್ಲ.

ನಮ್ಮ ಮನೆಯ ಹಿಂದೆ ಒಂದು ಮಾವು ಇತ್ತು. ನಮ್ಮ ಜಾಗದಲ್ಲಿ ಇದ್ದ ಮಾವು ಅದೊಂದೇ. ಉಳಿದಿದ್ದೆಲ್ಲ ಸಿಲ್ವರ್ ಓಕು, ಅವುಗಳ ನೆರಳು ನಿಲ್ಲುವುದಿಲ್ಲ. ಮಾವಿನ ಬುಡದಲ್ಲಿ ಕಲ್ಲು ಕಟ್ಟಿ, ಒಡಕು ಹೆಂಚು ತುಂಬಿ, ಮೇಲೆ ಮರಳು, ಅದರ ಮೇಲೆ ಮರದ ಕೆಳಗಿನ ಕಪ್ಪು ಎಲೆಗೊಬ್ಬರ ಹಾಕಿ ಪಾತಿ ಮಾಡಿದಳು. ಮಳೆಗಾಲದಲ್ಲಿ ಬಿದಿರು ಬಗ್ಗಿಸಿ ಪ್ಲಾಸ್ಟಿಕ್ ಹೊದಿಸುವಳು. ಮಳೆ ಬಿಟ್ಟ ತಕ್ಷಣ, ಉಸಿರು ಕಟ್ಟುತ್ತೆ ಎಂದು ಓಡಿಹೋಗಿ ತೆಗೆಯುವಳು. ಒಣಗಿದ ಎಲೆಯನ್ನು ದಿನಾ ಬುಡಸಮೇತ ಕಿತ್ತು ಹಾಕುವಳು. ಎರಡು ಮೂರು ವರ್ಷಕ್ಕೆ ಕುತ್ತಿಗೆ ಉದ್ದವಾಗಿ ಗಿಡ ಮಣ್ಣಿನಿಂದ ಎದ್ದು ಬರುತ್ತದೆ. ಆಗ ಕಿತ್ತು, ಹೋಳು ಮಾಡಿ, ಮತ್ತೆ ನೆಡಬೇಕು. ಹಾಗೆ ಮಾಡಿ ಮಾಡಿ ಒಂದು ಬುಟ್ಟಿ ಗಿಡ ಮರದ ಸುತ್ತ ಹರಡಿತು.

ನಮ್ಮ ಮನೆಯವರು ಅವಳನ್ನು ಕೆಣಕುತ್ತಿದ್ದರು.

“ತಿನ್ನಂಗಿಲ್ಲ, ಮುಡಿಯಂಗಿಲ್ಲ, ದೇವ್ರಿಗೆ ಏರ್ಸಂಗಿಲ್ಲ. ಯಾವ ಕೆಲ್ಸಕ್ಕೂ ಬರದಿರೋದನ್ನ ಸಾಕೋಳು ನೀನೊಬ್ಳೇ ಕಣಕ್ಕ.”

“ನಿನ್ನ ಸಾಕ್ಲಿಲ್ವೇನೋ?” ಎನ್ನುವಳು ರಾಜಕ್ಕ.

ಅವರು ನಗುತ್ತಿದ್ದರು. ಸಂಜೆ ಕಾಫಿ ಲೋಟ ಹಿಡಿದು ಆ ಮರದ ಕೆಳಗೇ ಹೋಗಿ ಕೂರುತ್ತಿದ್ದರು.

ಹೋದ ವರ್ಷದ ಆಷಾಢದಲ್ಲಿ ಅವರು ತೀರಿಹೋದರು. ಕಾಫಿ ಗಿಡದ ಚಿಗುರು ತೆಗೆಸಿ ಬಂದು, ಎದೆ ಹಿಡಿದ ಹಾಗೆ ಆಗುತ್ತಿದೆ ಎಂದರು. ಜೀಪಿನಲ್ಲಿ ಸಕಲೇಶಪುರದ ಆಸ್ಪತ್ರೆಗೆ ಹೊರಟೆವು. ನನ್ನ ತೊಡೆಯ ಮೇಲೆ ತಲೆ ಇಟ್ಟಿದ್ದರು. ದಾರಿಯಲ್ಲೇ ತಲೆ ಭಾರವಾಯಿತು. ಅದರ ಬಗ್ಗೆ ಇನ್ನು ಬರೆಯುವುದಿಲ್ಲ.

ನಮಗೆ ಮಕ್ಕಳಿಲ್ಲ. ದಾಯಾದಿ ಚಿಕ್ಕಪ್ಪ ಜವರಪ್ಪನವರೇ ಎಲ್ಲಕ್ಕೂ ಮುಂದೆ ನಿಂತರು. ಅವರ ಮಗ ಮಂಜುನಾಥ ಕೊಳ್ಳಿ ಇಡುವುದು ಎಂದಾಯಿತು. ನಮ್ಮಲ್ಲಿ ಸುಡುವುದು. ಒಣ ಸೌದೆ ಎಷ್ಟೇ ಇರಲಿ, ಸತ್ತವರ ಸ್ವಂತ ಜಾಗದ ಮಾವು ಒಂದು ಬೀಳಲೇಬೇಕು. ಬೇರೆಯವರ ಮರ ಕೇಳುವಂತಿಲ್ಲ. ಕೇಳಿದರೆ ಆ ಮನೆಗೆ ಸಾವನ್ನು ಕಳಿಸಿಕೊಟ್ಟ ಹಾಗೆ.

ಜವರಪ್ಪನವರು ಹಿಂದಿನ ಬಾಗಿಲಲ್ಲಿ ನಿಂತು ಮರ ನೋಡಿದರು, ಕೆಳಗಿನ ಗಿಡ ನೋಡಿದರು. ಒಳ್ಳೆಯ ಮನುಷ್ಯ. ಟವೆಲಿನಿಂದ ಮುಖ ಒರೆಸಿಕೊಂಡರು. ರಾಜಕ್ಕ ತಮ್ಮನ ಕಾಲ ಹತ್ತಿರ ಕೂತಿದ್ದವಳು ತಲೆ ಎತ್ತದೆ ಹೇಳಿದಳು.

“ಕಡೀರಿ ಚಿಕ್ಕಪ್ಪ. ಅವನಿಗಿಲ್ದಿದ್ದು ಯಾರಿಗೆ?”

ಮಿಷನ್ ತಂದು ಕುಯ್ದರು. ಮನೆಯ ಮೇಲೆ ಬೀಳದ ಹಾಗೆ ಹಗ್ಗ ಕಟ್ಟಿ ಎಳೆದರು. ಮರ ಪಾತಿಯ ಆಚೆಗೆ ಬಿದ್ದು, ತೆಂಕಲು ಮಗ್ಗುಲಿಗೆ ಉರುಳಿ, ಮೂಡಣ ಪಡುವಣ ಉದ್ದಕ್ಕೆ ಮಲಗಿತು. ಕೊಂಬೆಗಳನ್ನು ಸೀಳಿಕೊಂಡು ಹೋದರು. ಬುಡದ ದಿಮ್ಮಿ ಇಬ್ಬರು ತಬ್ಬಿದರೂ ಸಿಕ್ಕದಷ್ಟು ದಪ್ಪ, ಮಲಗಿದರೂ ಸೊಂಟದೆತ್ತರ. ಅದನ್ನು ಆ ಮಳೆಯಲ್ಲಿ ಸೀಳಲಾಗಲಿಲ್ಲ, ಅಲ್ಲೇ ಉಳಿಯಿತು. ಹಾಗೆ ಉಳಿದ ಮರವನ್ನು ಒಲೆಗೆ ಹಾಕುವಂತಿಲ್ಲ, ಮಾರುವಂತಿಲ್ಲ. ಅದು ಸತ್ತವರ ಪಾಲು.

ಮಳೆಗಾಲ ಇರುವ ತನಕ ಗಿಡಗಳಿಗೆ ಏನೂ ಆಗಲಿಲ್ಲ. ಪ್ಲಾಸ್ಟಿಕ್ ಹೊದಿಸುವುದು ತೆಗೆಯುವುದು ನಾನೇ ಮಾಡಿದೆ, ಮೋಡವೂ ಇತ್ತು. ಮಹಾಲಯ ಅಮಾವಾಸ್ಯೆ ಕಳೆದು ಬಿಸಿಲು ಬಿತ್ತು. ಮಾವು ಇದ್ದ ಜಾಗದಲ್ಲಿ ಆಕಾಶ ಇತ್ತು. ಒಂದು ವಾರದೊಳಗೆ ಎಲೆಗಳು ಅಂಚು ಸುಟ್ಟು ಬೀಡಿ ಎಲೆಯ ಹಾಗೆ ಮುರುಟಿಕೊಂಡವು. ತಾಮ್ರದ ಬಣ್ಣದ್ದು ಬಿಳಚಿಕೊಂಡಿತು.

ರಾಜಕ್ಕ ಅತ್ತ ಹೋಗಲೇ ಇಲ್ಲ. ಹಿಂದಿನ ಬಾಗಿಲು ತೆಗೆಯುವುದನ್ನೇ ಬಿಟ್ಟಳು. ಬೆಳಿಗ್ಗೆ ಎದ್ದು ಜಗಲಿಯಲ್ಲಿ ಕೂತರೆ ಊಟಕ್ಕೆ ಕರೆಯುವ ತನಕ ಏಳುತ್ತಿರಲಿಲ್ಲ. ಎರಡು ತುತ್ತು ಉಂಡು ತಟ್ಟೆಗೆ ನೀರು ಹಾಕುವಳು. ಮುಂಗೈ ಮೂಳೆ ಕಾಣತೊಡಗಿತು. ನನಗೆ ಹೆದರಿಕೆಯಾಯಿತು. ಆ ಮನೆಯಲ್ಲಿ ಉಳಿದಿದ್ದವರು ನಾವಿಬ್ಬರೇ.

ಗಿಡ ಉಳಿದರೆ ಇವಳು ಏಳುತ್ತಾಳೆ ಎಂದುಕೊಂಡೆ. ಕಾಫಿ ಸಸಿ ಮಡಿಗೆ ಕಟ್ಟುವ ಹಸಿರು ನೆಟ್ ಸ್ಟೋರಿನಲ್ಲಿತ್ತು. ನಾಲ್ಕು ಗೂಟ ನೆಟ್ಟು ಪಾತಿಯ ಮೇಲೆ ಕಟ್ಟಿದೆ. ಸುತ್ತಿಗೆ ಸದ್ದು ಕೇಳಿ ರಾಜಕ್ಕ ಬಾಗಿಲಿಗೆ ಬಂದಳು.

“ಬಿಚ್ಚು ಅದನ್ನ.”

“ಸುಟ್ಟು ಹೋಗ್ತಾವೆ ಅಕ್ಕ.”

“ಹೋಗ್ಲಿ. ಅವನಿಗೆ ಕೊಟ್ಟಿರೋ ನೆರಳು ಕಣೆ ಅದು. ಕೊಟ್ಬುಟ್ಟು ಆಮೇಲೆ ಅಯ್ಯೋ ಅಂದ್ರೆ ಅವನು ಹೋಗದೆ ಇಲ್ಲೇ ನಿಂತ್ಕೊಂತಾನೆ. ಬಿಚ್ಚು.”

ಸತ್ತವರಿಗೆ ಕೊಟ್ಟಿದ್ದಕ್ಕೆ ಮರುಗಬಾರದು ಎನ್ನುವ ಮಾತು ನಮ್ಮಲ್ಲಿದೆ. ಮರುಗಿದರೆ ಅವರ ದಾರಿಗೆ ಅಡ್ಡ ಎನ್ನುತ್ತಾರೆ. ಅದನ್ನು ಅವಳು ಹೀಗೆ ಹಿಡಿದುಕೊಂಡಿದ್ದಾಳೆ ಎಂದು ನನಗೆ ಆಗ ಗೊತ್ತಾಯಿತು. ನೆಟ್ ಬಿಚ್ಚಿದೆ. ನನಗೂ ಒಂದು ಆಸೆ ಇತ್ತು. ಅವರು ಹೋಗದೆ ನಿಂತರೆ ನಿಲ್ಲಲಿ ಎನ್ನುವ ಆಸೆ. ಅದನ್ನು ಅವಳ ಹತ್ತಿರ ಹೇಳಲಿಲ್ಲ.

ಜವರಪ್ಪನವರು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಒಣಗುತ್ತಿದ್ದ ಗಿಡ ನೋಡಿ ಅವರಿಗೆ ಸಂಕಟ. ಕಡಿಸಿದ್ದು ತಾವು ಎಂದು. ಅವರು ಮಾತಾಡಿಸಿದರೆ ರಾಜಕ್ಕನದು ಹ್ಞೂಂ, ಊಹೂಂ ಅಷ್ಟೆ. ಒಂದು ದಿನ ನಾನೂ ರಾಜಕ್ಕನೂ ಬೆಳೆ ಸರ್ವೆಯವರು ಬಂದಿದ್ದಾರೆಂದು ತೋಟದ ಕೆಳಗಿನ ಮಗ್ಗುಲಿಗೆ ಹೋಗಿದ್ದೆವು. ಅಷ್ಟರಲ್ಲಿ ಜವರಪ್ಪನವರು ಒಂದು ಗಾಡಿ ಕೊಟ್ಟಿಗೆ ಗೊಬ್ಬರ ತಂದು, ಪಾತಿಯ ಕಲ್ಲನ್ನೆಲ್ಲ ಸರಿಸಿ, ಗಿಡಗಿಡಕ್ಕೂ ಮಣ್ಣು ಏರಿಸಿ, ಕುತ್ತಿಗೆ ಮುಚ್ಚುವ ಹಾಗೆ ಗೊಬ್ಬರ ಕೊಟ್ಟು, ಮೇಲೆ ಒಣಗಿದ ದರಗೆಲೆ ಹೊದಿಸಿದ್ದರು. ಶುಂಠಿಗೆ ಮಾಡುವ ಹಾಗೆ. ಏಲಕ್ಕಿಗೆ ಮಾಡುವ ಹಾಗೆ. ಅವರ ಕೈ ಅರವತ್ತು ವರ್ಷದಿಂದ ಗಿಡ ಕಂಡಾಗ ಮಾಡಿದ್ದೇ ಅದು. ಬುಡ ತಂಪಾಗಿದ್ದರೆ ಬಿಸಿಲು ತಡೆಯುತ್ತದೆ ಎಂದು ನನಗೆ ಹೇಳಿದರು. ಬೆವರು ಒರೆಸಿಕೊಂಡು ಕಾಫಿ ಕುಡಿದು ಹೋದರು.

ರಾಜಕ್ಕ ಕಿಟಕಿಯಿಂದ ನೋಡಿದಳು. ಕಿಟಕಿ ಮುಚ್ಚಿ ಜಗಲಿಗೆ ಹೋದಳು. ತಮ್ಮನ ಚಟ್ಟಕ್ಕೆ ಹೆಗಲು ಕೊಟ್ಟವರನ್ನು ಹೇಗೆ ಬೈಯುವುದು?

ಅದೇ ವಾರ ಸ್ವಾತಿ ಮಳೆ ಹಿಡಿಯಿತು. ಬಿಟ್ಟು ಬಿಟ್ಟು ಹೊಯ್ಯಿತು. ಮಳೆ ನಿಂತ ಬೆಳಿಗ್ಗೆ ನಾನು ಹಸುವಿಗೆ ಹುಲ್ಲು ತರಲು ಹೋಗುವಾಗ ಪಾತಿಯ ಹತ್ತಿರ ವಾಸನೆ ಬಂತು. ಒಂದು ಗಿಡ ಹಿಡಿದು ಎತ್ತಿದೆ. ಎಲೆಯ ಗೊಂಚಲು ಮಾತ್ರ ಕೈಗೆ ಬಂತು. ಬುಡ ಅಂಟಂಟಾಗಿ ಕಪ್ಪಗೆ ಮಣ್ಣಿನಲ್ಲೇ ಉಳಿಯಿತು.

ಆ ಗೊಂಚಲನ್ನು ತಂದು ಜಗಲಿಯಲ್ಲಿ ಕೂತಿದ್ದ ರಾಜಕ್ಕನ ಮುಂದೆ ಇಟ್ಟೆ. ಅವಳು ಎತ್ತಿ ಮೂಸಿ ನೋಡಿದಳು.

“ಬಿಸಿಲಿಗೆ ಹೋದ್ರೆ ಹೋಗ್ಲಿ ಅಂದಿದ್ದೆ. ಇದು ಬಿಸಿಲಲ್ಲ,” ಎಂದಳು.

ಸೀರೆ ಎತ್ತಿ ಸಿಕ್ಕಿಸಿಕೊಂಡು ಹಿಂದಿನ ಬಾಗಿಲು ತೆಗೆದಳು. ಅವತ್ತು ಮಧ್ಯಾಹ್ನದ ತನಕ ಅವಳ ಬಾಯಿಂದ ಬಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಜವರಪ್ಪನವರಿಗೆ, ಅವರ ಎತ್ತಿಗೆ, ಅವರ ತಿಪ್ಪೆಗೆ ಎಲ್ಲಕ್ಕೂ ಬಿತ್ತು. ಬಾಯಿ ಬೈಯುತ್ತಿದ್ದರೂ ಕೈ ಮೆಲ್ಲಗೆ ಇತ್ತು. ಬೆರಳಲ್ಲೇ ಗೊಬ್ಬರ ಬಿಡಿಸಿ ಒಂದೊಂದೇ ಗಿಡ ಎತ್ತಿದಳು. ನಾನು ಬಕೆಟ್ಟಿನಲ್ಲಿ ನೀರು ತಂದುಕೊಟ್ಟೆ. ಬೇರು ತೊಳೆದು, ಬ್ಲೇಡಿನಲ್ಲಿ ಕೊಳೆತಿದ್ದನ್ನು ಕುಯ್ದು, ಬಿಳಿಯ ಗಟ್ಟಿ ಭಾಗ ಕಾಣುವ ತನಕ ಕೆತ್ತಿದಳು. ಹೆಚ್ಚಿನವುಗಳಲ್ಲಿ ಬಿಳಿ ಸಿಕ್ಕಲೇ ಇಲ್ಲ. ಬಿಸಾಡಿದಳು. ಉಳಿದಿದ್ದು ಒಂದು ಮೊರದಷ್ಟು. ಕುಯ್ದ ಗಾಯಕ್ಕೆ ಒಲೆಯ ಬೂದಿ ಹಚ್ಚಿದಳು.

ನೆಡುವುದೆಲ್ಲಿ ಎಂದು ಕೇಳಿದೆ. ಅವಳು ಎದ್ದು ನಿಂತು ಸುತ್ತಲೂ ನೋಡಿದಳು. ಸಿಲ್ವರ್ ಓಕಿನ ಕೆಳಗೆ ಚುಕ್ಕಿ ಚುಕ್ಕಿ ಬಿಸಿಲು. ಕಾಫಿಯ ಕೆಳಗೆ ಬೇರು ಗಿಜಿಗಿಜಿ. ಮಾವಿನ ದಿಮ್ಮಿಯ ಬಡಗು ಮಗ್ಗುಲಲ್ಲಿ ಒಂದು ಮೊಳದಗಲ ನೆರಳು ಉದ್ದಕ್ಕೂ ಬಿದ್ದಿತ್ತು. ಚಳಿಗಾಲದ ಸೂರ್ಯ ತೆಂಕಲಿಗೆ ವಾಲಿದ್ದ. ಅಲ್ಲಿ ಹಾವಸೆ ಬೆಳೆದು ನೆಲ ತಂಪಾಗಿತ್ತು.

ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಹೋಗಿ ಒಡಕು ಹೆಂಚು ಹೊತ್ತು ತಂದಳು.

ಬೇಸಿಗೆಯಲ್ಲಿ ಸೂರ್ಯ ನೆತ್ತಿಗೆ ಬಂದಾಗ ಆ ನೆರಳೂ ಕರಗಿತು. ಆಗ ದಿಮ್ಮಿಗೆ ಆನಿಸಿ ಜರೀಗಿಡದ ಸೊಪ್ಪು ನಿಲ್ಲಿಸಿದಳು. ಒಣಗಿದ ಹಾಗೆ ಬದಲಾಯಿಸುವ ಕೆಲಸ ನನ್ನದು. ಅವಳು ಈಗ ತಟ್ಟೆ ತುಂಬ ಉಣ್ಣುತ್ತಿದ್ದಳು ಎಂದೇನಲ್ಲ. ಆದರೆ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಬೈಯುವಷ್ಟಾಗಿದ್ದಳು. ನನಗೆ ಅದು ಸಾಕಾಗಿತ್ತು.

ಯುಗಾದಿ ಕಳೆದ ಮೇಲೆ ಜವರಪ್ಪನವರು ಬಂದರು. ವರ್ಷದ ತಿಥಿಯ ಮಾತಾಡಬೇಕಿತ್ತು. ಕೊಳ್ಳಿ ಇಟ್ಟವನು ಮಂಜುನಾಥ, ಆದ್ದರಿಂದ ಎಡೆಗೆ ಕೂರಬೇಕಾದವನೂ ಅವನೇ. ಕಾಫಿ ಕುಡಿದು ಲೋಟ ಇಟ್ಟು ಅವರು ವಿಷಯಕ್ಕೆ ಬಂದರು. ವರ್ಷ ತುಂಬುವುದರೊಳಗೆ ದಿಮ್ಮಿ ನಮ್ಮ ಗಡಿ ದಾಟಬೇಕು. ಹಳ್ಳಕ್ಕೆ ಉರುಳಿಸಿದರೆ ಆಷಾಢದ ನೀರು ತೆಗೆದುಕೊಂಡು ಹೋಗುತ್ತದೆ. ಸತ್ತವರ ಪಾಲು ಮನೆಯ ಹಿತ್ತಲಲ್ಲಿ ಬಿದ್ದಿದ್ದರೆ ಸತ್ತವರೂ ಹಿತ್ತಲಲ್ಲೇ ಇರುತ್ತಾರೆ. ಟ್ರ್ಯಾಕ್ಟರ್ ತಾವೇ ತರುವುದಾಗಿಯೂ ನಾವು ಏನೂ ಮಾಡಬೇಕಾಗಿಲ್ಲವೆಂದೂ ಹೇಳಿದರು.

ಹೋದ ವರ್ಷ ರಾಜಕ್ಕ ಹೇಳಿದ ಮಾತೇ ಅದು. ಅವಳು ಒಪ್ಪುತ್ತಾಳೆ ಎಂದು ನಾನು ತಿಳಿದಿದ್ದೆ. ಅವರ ತಿಥಿ ಸರಿಯಾಗಿ ಆಗಬೇಕು ಎಂದು ನನಗೂ ಇತ್ತು. ಒಪ್ಪಲಿ ಎಂದೂ ಅನ್ನಿಸಿತು, ಒಪ್ಪಿದರೆ ಮತ್ತೆ ಇವಳು ಜಗಲಿಗೆ ಕೂರುತ್ತಾಳೆ ಎಂದೂ ಅನ್ನಿಸಿತು.

“ದಿಮ್ಮಿ ಇಲ್ಲೇ ಇರ್ಲಿ ಚಿಕ್ಕಪ್ಪ,” ಎಂದಳು ರಾಜಕ್ಕ.

“ಇರ್ಲಿ ಅಂದ್ರೆ? ಮಂಜ ಹೆಂಗೆ ಎಡೆಗೆ ಕೂರ್ತಾನೆ? ಜನ ಏನಂತಾರೆ ರಾಜಿ?”

“ಅವನಿಗೆ ಬೇಕಾದಷ್ಟು ಅವನು ತಗೊಂಡು ಹೋದ. ಉಳಿದಿದ್ದು ನಂದು. ಕೇಳೋದಾದ್ರೆ ಅವನೇ ಬಂದು ಕೇಳ್ಲಿ.”

“ನಾಕು ಎಲೆ ಗಿಡಕ್ಕೋಸ್ಕರ ತಮ್ಮನ್ನ ಬೀದೀಲಿ ನಿಲ್ಲಿಸ್ತೀಯ?”

ರಾಜಕ್ಕನ ಮುಖ ಬೆಳ್ಳಗಾಯಿತು. ಆದರೆ ಮಾತು ಬದಲಾಯಿಸಲಿಲ್ಲ. ಜವರಪ್ಪನವರು ನನ್ನ ಕಡೆ ತಿರುಗಿದರು. ಅವನ ಹೆಂಡತಿ ನೀನು, ಹೇಳವ್ವ ಎಂದರು. ನಾನು ದಿಮ್ಮಿಯ ಕಡೆ ನೋಡಿದೆ, ರಾಜಕ್ಕನ ಮುಂಗೈ ನೋಡಿದೆ. ಅಕ್ಕ ಹೇಳಿದ ಹಾಗೆ ಎಂದೆ. ಅವರು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಎದ್ದರು. ಸಿಟ್ಟಿಗಿಂತ ದುಃಖವೇ ಹೆಚ್ಚು ಇತ್ತು. ಆಮೇಲೆ ನಮ್ಮ ಮನೆಗೆ ಬರಲಿಲ್ಲ.

ಊರಲ್ಲಿ ಮಾತು ಹರಡಿತು. ಹೆಣದ ಮರ ಇಟ್ಟುಕೊಂಡವರ ಮನೆ ಎಂದರು. ಕಾಫಿ ಕೆಲಸಕ್ಕೆ ಬರುತ್ತಿದ್ದ ಇಬ್ಬರು ಹೆಂಗಸರು ಹಿತ್ತಲ ದಾರಿ ಬಿಟ್ಟು ಸುತ್ತಿಕೊಂಡು ಹೋಗತೊಡಗಿದರು. ಗಾಳಿ ಬೀಸುವ ರಾತ್ರಿ ನನಗೂ ಹೆದರಿಕೆಯಾಗುತ್ತಿತ್ತು. ಹಿತ್ತಲಲ್ಲಿ ನಮ್ಮ ಮನೆಯವರು ಕೆಮ್ಮಿದ ಹಾಗೆ ಕೇಳುತ್ತಿತ್ತು. ಎದ್ದು ಹೋಗಿ ನೋಡುತ್ತಿರಲಿಲ್ಲ. ಇಲ್ಲದಿದ್ದರೆ ಏನು ಮಾಡಲಿ ಎನ್ನುವ ಹೆದರಿಕೆ ಅದಕ್ಕಿಂತ ದೊಡ್ಡದು.

ವರ್ಷದ ತಿಥಿಗೆ ಮಂಜುನಾಥ ಬರಲಿಲ್ಲ. ನಾವಿಬ್ಬರೇ ಅಡಿಗೆ ಮಾಡಿದೆವು. ಅವರಿಗೆ ಇಷ್ಟ ಎಂದು ಕಳಲೆ ಪಲ್ಯ, ಅಕ್ಕಿ ರೊಟ್ಟಿ, ಕೋಳಿ ಸಾರು. ಸುಟ್ಟ ಜಾಗಕ್ಕೆ ಹೋಗಿ ಬಾಳೆ ಎಲೆ ಹಾಕಿ ಎಡೆ ಇಟ್ಟೆವು. ಹೆಂಗಸರು ಇಡುವ ಪದ್ಧತಿ ಇಲ್ಲ. ಇಡುವವರು ಬೇರೆ ಯಾರಿದ್ದರು? ಮಳೆ ಸುರಿಯುತ್ತಿತ್ತು. ಕೊಡೆ ಹಿಡಿದು ದೂರ ನಿಂತೆವು. ಕಾಗೆ ಬರಲಿಲ್ಲ. ಎಲೆಯ ಮೇಲೆ ನೀರು ತುಂಬಿ ಸಾರು ಹೊರಗೆ ಹರಿಯಿತು. ಮಳೆಗೆ ಕಾಗೆ ಎಲ್ಲಿಂದ ಬರಬೇಕು ಎಂದೆ. ರಾಜಕ್ಕ ಇನ್ನೂ ಸ್ವಲ್ಪ ನಿಲ್ಲೋಣ ಎಂದಳು. ನಿಂತೆವು. ಸೀರೆ ಮೊಣಕಾಲ ತನಕ ನೆನೆದ ಮೇಲೆ ಬಂದೆವು.

ಮನೆಗೆ ಬಂದವಳು ಒಳಗೆ ಹೋಗಲಿಲ್ಲ. ಹಿತ್ತಲಿಗೆ ಹೋಗಿ ದಿಮ್ಮಿಯ ಹತ್ತಿರ ನಿಂತಳು. ಟ್ರ್ಯಾಕ್ಟರ್ ತರಿಸು ಎನ್ನುತ್ತಾಳೆ ಎಂದು ನಾನು ಕಾದೆ. ಮಳೆ ಸ್ವಲ್ಪ ಬಿಟ್ಟಿತ್ತು. ಅವಳು ಬಗ್ಗಿ ಪ್ಲಾಸ್ಟಿಕ್ ಸರಿಸಿದಳು. ಮೊರದಷ್ಟು ಇದ್ದಿದ್ದರಲ್ಲಿ ಅರ್ಧ ಉಳಿದಿತ್ತು. ಬೀಟ್ರೂಟ್ ಬಣ್ಣದ್ದು ಒಂದೂ ಇರಲಿಲ್ಲ. ಹಳದಿ ಎಲೆ ಕೀಳುತ್ತಾ ನನ್ನ ಕಡೆ ನೋಡದೆ ಹೇಳಿದಳು.

“ರವಿಗೆ ಸಿಟ್ಟು ಬಂದಿದ್ರೆ ನನ್ ಮೇಲೆ ಬಂದಿರ್ತದೆ. ನಿನ್ ಮೇಲಲ್ಲ. ನೀನು ಹೆದರ್ಕೊಬ್ಯಾಡ.”

ಅವರು ಸಿಟ್ಟು ಮಾಡಿಕೊಂಡಿದ್ದನ್ನು ನಾನು ಒಂದು ದಿನವೂ ನೋಡಿಲ್ಲ ಎಂದೆ.

“ನಾನು ನೋಡಿದೀನಿ,” ಎಂದಳು. “ಮೂರು ದಿವ್ಸ ಮಾತು ಬಿಡ್ತಿದ್ದ. ಆಮೇಲೆ ಅವನೇ ಬರ್ತಿದ್ದ.”

ಮತ್ತೆ ಹನಿ ಶುರುವಾಯಿತು. ಪ್ಲಾಸ್ಟಿಕ್ಕಿನ ಆ ಕಡೆಯ ತುದಿ ಹಿಡಿ ಎಂದಳು. ಹಿಡಿದೆ.